ದವಡೆ ಶಸ್ತ್ರಚಿಕಿತ್ಸೆಯಲ್ಲಿ ಅಚ್ಚಿನ ನೆರವು



"ಫಾದರ್, ಕಂಪ್ಯೂಟರಿನಲ್ಲಿ ದವಡೆ ಮಾಡಿ ಕೂರಿಸ್ತಾರಂತೆ, ಹೌದಾ?" ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳಿಗೆ ಭೇಟಿಗೆ ಹೋದಾಗ ಈ ಪ್ರಶ್ನೆ ಕೇಳಿಬರುವುದುಂಟು. ಕೇಳುವವರ ಮನೆಯಲ್ಲಿ ಯಾರಿಗೋ ಬಾಯಿಯ ಕಾಯಿಲೆ ಇರುತ್ತದೆ.

ದವಡೆಯನ್ನೇ ಯಂತ್ರದಲ್ಲಿ ಅಚ್ಚು ಹಾಕಿ ಕೂರಿಸುವುದು ಅಪರೂಪ. ಸಾಮಾನ್ಯವಾಗಿ ಅಚ್ಚಾಗಿ ಬರುವುದು ಅಳತೆಯ ಸಾಧನ. ನಮ್ಮ ಬಡಗಿ ಒಂದೇ ಅಳತೆಯ ಹಲವು ಪಟ್ಟಿ ಕೊಯ್ಯಬೇಕಾದಾಗ ಒಂದು ಮಾದರಿಯನ್ನು ಮರದ ಮೇಲೆ ಒತ್ತಿಟ್ಟು ಗರಗಸ ಓಡಿಸುತ್ತಾನಲ್ಲವೇ? ಇದೂ ಹಾಗೆಯೇ. ಮೊದಲು ಸಿ.ಟಿ. ಸ್ಕ್ಯಾನ್ ಮುಖದ ಮೂಳೆಗಳನ್ನು ತೆಳುವಾದ ಪದರ ಪದರವಾಗಿ ತೋರಿಸುತ್ತದೆ. ಕಂಪ್ಯೂಟರ್ ಆ ಪದರಗಳನ್ನು ಜೋಡಿಸಿ ಪೂರ್ಣ ದವಡೆಯನ್ನು ಪರದೆಯ ಮೇಲೆ ನಿಲ್ಲಿಸುತ್ತದೆ. ವೈದ್ಯರು ಎಲ್ಲಿ, ಯಾವ ಓರೆಯಲ್ಲಿ ಕೊಯ್ಯಬೇಕೆಂದು ಅಲ್ಲಿಯೇ ನಿರ್ಧರಿಸುತ್ತಾರೆ. ಕೆಟ್ಟ ಬದಿಯ ಆಕಾರಕ್ಕೆ ಚೆನ್ನಾಗಿರುವ ಬದಿಯ ಪ್ರತಿಬಿಂಬವೇ ಮಾದರಿ. ಬಳಿಕ ಮೂರು ಆಯಾಮದ ಮುದ್ರಣ ಯಂತ್ರದಲ್ಲಿ, ಆ ರೋಗಿಯ ಮೂಳೆಗೆ ಮಾತ್ರ ಕೂರುವ ಪ್ಲಾಸ್ಟಿಕ್ಕಿನ ಅಚ್ಚೊಂದು ತಯಾರಾಗುತ್ತದೆ. ಅದರಲ್ಲಿರುವ ಸೀಳಿನಲ್ಲಿ ಗರಗಸ ಓಡುತ್ತದೆ. ಕೊಯ್ದಾದ ಮೇಲೆ ಅಚ್ಚನ್ನು ತೆಗೆದುಬಿಡುತ್ತಾರೆ.

ಇಷ್ಟೆಲ್ಲ ಏಕೆ? ಕೆಳದವಡೆಯ ಮೂಳೆಯ ಒಳಗೆ ಒಂದು ನರ ಹಾದುಹೋಗುತ್ತದೆ. ಕೆಳತುಟಿಗೂ ಗಲ್ಲಕ್ಕೂ ಸ್ಪರ್ಶಜ್ಞಾನ ಕೊಡುವುದು ಅದೇ. ಅದಕ್ಕೆ ಪೆಟ್ಟಾದರೆ ತುಟಿ ಮರಗಟ್ಟಿ, ಕುಡಿದ ನೀರು ಸೋರುವುದೂ ತಿಳಿಯದೆ ಹೋಗಬಹುದು. ಕ್ಯಾನ್ಸರ್ ಅಲ್ಲದಿದ್ದರೂ ದವಡೆ ಉಬ್ಬಿಕೊಂಡವರಿಗೆ ಮೂಳೆಯನ್ನು ಕೆತ್ತಿ ಆಕಾರ ಕೊಡುವಾಗ, ನರದ ದಾರಿಯನ್ನು ಮೊದಲೇ ಗುರುತಿಸಿ ಅದನ್ನು ತಪ್ಪಿಸುವಂತೆ ಅಚ್ಚನ್ನು ಮಾಡುತ್ತಾರೆ.

ನಮ್ಮಲ್ಲಿ ಹೆಚ್ಚು ಚಿಂತೆಗೆ ಕಾರಣವಾಗುವುದು ಕ್ಯಾನ್ಸರ್. ಅಡಿಕೆಯಿಂದಲೇ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಹೇಳಲು ನಾಲಿಗೆ ತಡೆಯುತ್ತದೆ. ಆದರೂ ಅಡಿಕೆ ಅಗಿಯುವುದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು. ಬಾಯಿಯೊಳಗೆ ಮೂರು ಬೆರಳು ನಿಲ್ಲಿಸಿ ಹಿಡಿಯಲಾಗದಿದ್ದರೆ, ಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ, ಮನೆಮದ್ದು ಸಾಕು ಮಾಡಿ ವೈದ್ಯರಿಗೆ ತೋರಿಸಿ.

ದವಡೆಯ ತುಂಡನ್ನೇ ತೆಗೆಯಬೇಕಾಗಿ ಬಂದರೆ ಆ ಜಾಗಕ್ಕೆ ಕಾಲಿನ ತೆಳ್ಳನೆಯ ಹೊರಮೂಳೆಯನ್ನು ರಕ್ತನಾಳದ ಸಮೇತ ತಂದು ಜೋಡಿಸುತ್ತಾರೆ. ಮೈಭಾರ ಹೊರುವುದು ಹೆಚ್ಚಾಗಿ ಪಕ್ಕದ ದಪ್ಪ ಮೂಳೆ. ಹಾಗಾಗಿ ರೋಗಿ ಮತ್ತೆ ನಡೆಯುತ್ತಾನೆ. ಅಮೆರಿಕದ ಡಾ. ಹಿಡಾಲ್ಗೊ 1989ರಲ್ಲಿ ಈ ವಿಧಾನವನ್ನು ದವಡೆಗೆ ಬಳಸಿದ್ದನ್ನು ಪ್ರಕಟಿಸಿದರು. ಕಾಲಿನ ಮೂಳೆ ನೆಟ್ಟಗೆ, ದವಡೆ ಬಾಗಿದ್ದು. ಅದನ್ನು ಎರಡು ಮೂರು ತುಂಡು ಮಾಡಿ ಓರೆಗೆ ಓರೆ ಸೇರಿಸಬೇಕು. ಇಲ್ಲಿ ದವಡೆಗೊಂದು, ಕಾಲಿಗೊಂದು ಅಚ್ಚು ಬಹಳ ಉಪಕಾರಿ. ಟೈಟಾನಿಯಂ ಪಟ್ಟಿಯನ್ನೂ ಮಾದರಿ ದವಡೆಯ ಮೇಲೆ ಮುಂಚೆಯೇ ಬಗ್ಗಿಸಿಟ್ಟುಕೊಂಡರೆ ಶಸ್ತ್ರಚಿಕಿತ್ಸೆಯ ಸಮಯ ಉಳಿಯುತ್ತದೆ.

ಆದರೆ ಅಚ್ಚಿಗೆ ಗೊತ್ತಿರುವುದು ಸ್ಕ್ಯಾನ್ ಮಾಡಿದ ದಿನದ ದವಡೆ ಮಾತ್ರ. ನಮ್ಮವರು "ಕೊನೆ ಕೊಯ್ಲು ಮುಗಿಯಲಿ, ಅಡಿಕೆ ಸುಲಿದು ಆಗಲಿ" ಎಂದು ದಿನ ಮುಂದೂಡುತ್ತಾರೆ. ಗಡ್ಡೆ ಕೊಯ್ಲಿಗೆ ಕಾಯುವುದಿಲ್ಲ. ಅದು ಬೆಳೆದರೆ ಅಚ್ಚಿನ ಸೀಳು ರೋಗದ ಮೇಲೆಯೇ ಬೀಳುತ್ತದೆ, ಕಾಲಿನಿಂದ ಕೊಯ್ಯಲು ಗುರುತಿಸಿದ ತುಂಡಿನ ಉದ್ದ ಸಾಲದು. ಆಗ ವೈದ್ಯರು ಅಚ್ಚನ್ನು ಬದಿಗಿಟ್ಟು ಹಿಂದಿನಂತೆ ಕಣ್ಣಳತೆಯಲ್ಲಿ ಮುಂದುವರಿಯಬೇಕು, ಇಲ್ಲವೇ ಹೊಸ ಸ್ಕ್ಯಾನ್, ಹೊಸ ಅಚ್ಚು, ಹೊಸ ಖರ್ಚು.

ಖರ್ಚಿನ ಮಾತು ಬಂದಾಗ ಇದನ್ನೂ ತಿಳಿದಿರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಅಚ್ಚಿನ ವೆಚ್ಚ ಅದರಲ್ಲಿ ಸೇರುವುದೇ ಎಂದು ಮುಂಚಿತವಾಗಿಯೇ ಆಸ್ಪತ್ರೆಯಲ್ಲಿ ವಿಚಾರಿಸಿ. ಸ್ಕ್ಯಾನಿಗೂ ಶಸ್ತ್ರಚಿಕಿತ್ಸೆಗೂ ಎಷ್ಟು ದಿನದ ಅಂತರ ಎಂದೂ ಕೇಳಿ, ದಿನಾಂಕ ಬರೆಸಿಕೊಳ್ಳಿ.

ಉಳಿದ ಕೊಯ್ಲಿನ ಚಿಂತೆ ನೆರೆಹೊರೆಯವರಿಗಿರಲಿ. ಕೊನೆಗಾರನನ್ನು ಕರೆಸುವುದು, ಸುಲಿಸುವುದು, ಒಣಗಲು ಹರವುವುದು, ಇವನ್ನು ವಾಳೆಯ ನಾಲ್ಕು ಮನೆಯವರು ಹಂಚಿಕೊಂಡರೆ ರೋಗಿ ಆಗುಂಬೆ ಘಾಟಿ ಇಳಿದು ಆಸ್ಪತ್ರೆ ಸೇರಲು ಅಡ್ಡಿಯೇನೂ ಉಳಿಯದು.