ದಡಾರದ ಮಗುವಿನ ಜೊತೆ ಆಡಿ ಬಂದಿದೆಯೇ? ಮೊದಲು ಗಡಿಯಾರ ನೋಡಿ

ಭಾನುವಾರ ಸಂಜೆ ಐದಕ್ಕೆ ಪಕ್ಕದ ರಸ್ತೆಯ ಮನೆಯಲ್ಲಿ ಹುಟ್ಟುಹಬ್ಬ. ಕೇಕು, ಬಲೂನು, ಮಕ್ಕಳ ಗಲಾಟೆ. ಹುಟ್ಟುಹಬ್ಬದ ಹುಡುಗನಿಗೆ ಮಾತ್ರ ಕಣ್ಣು ಕೆಂಪಗೆ, ಮೂಗು ಸೊರಸೊರ. ‘ಸ್ವಲ್ಪ ನೆಗಡಿ ಕಣ್ರೀ, ಅಷ್ಟಕ್ಕೆ ಪಾರ್ಟಿ ಮುಂದಕ್ಕೆ ಹಾಕೋಕಾಗುತ್ತಾ?’ ಎಂದರು ಅವನಮ್ಮ. ನಾವೂ ಹೌದೌದು ಎಂದು ಬೋಂಡ ತಿಂದು ಬಂದೆವು.

ಮಂಗಳವಾರ ಹನ್ನೆರಡು ಗಂಟೆಗೆ ಅನ್ನಕ್ಕಿಟ್ಟಿದ್ದೆ. ಫೋನು ಬಂತು. ಹುಡುಗನ ಕಿವಿಯ ಹಿಂದೆ, ಮುಖದ ಮೇಲೆ ಕೆಂಪು ದದ್ದು. ಡಾಕ್ಟರು ದಡಾರ ಅಂದರಂತೆ. ಅಂದರೆ ಮೀಸಲ್ಸ್. ಉತ್ತರ ಕರ್ನಾಟಕದವರು ಗೊಬ್ಬರ ಅಂತಾರಲ್ಲ, ಅದೇ.

ನಮ್ಮ ಮನೆಯಿಂದ ಪಾರ್ಟಿಗೆ ಯಾರ್ಯಾರು ಹೋಗಿದ್ದೆವು ಗೊತ್ತೇ? ನಾನು, ಆರು ವರ್ಷದ ನನ್ನ ಮಗಳು, ಬಾಣಂತನ ಮುಗಿಸಿ ನಾಲ್ಕು ದಿನ ಇರಲೆಂದು ಬಂದಿದ್ದ ನಾದಿನಿ, ಅವಳ ಏಳೂವರೆ ತಿಂಗಳ ಕೂಸು. ಸಾಲದ್ದಕ್ಕೆ ಐದು ತಿಂಗಳ ಬಸುರಿ ಓರಗಿತ್ತಿ. ಆ ಹುಡುಗನನ್ನು ತೊಡೆ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಂಡವಳೇ ಅವಳು!

‘ಅಮ್ಮ ಬಂದಿರೋ ಮನೆಗೆ ಹೋಗಿ ಬಂದಿದ್ದೀರಿ. ಬೇವಿನ ಸೊಪ್ಪು ಸಿಕ್ಕಿಸಿ, ತಲೆಗೆ ನೀರು ಹಾಕ್ಕೊಳ್ಳಿ. ಜ್ವರ ಬಂದ್ರೆ ಆಮೇಲೆ ನೋಡಿದ್ರಾಯ್ತು ಬಿಡೇ’ ಎಂದರು ಅತ್ತೆ. ಬೇವು ಸಿಕ್ಕಿಸಲು ನನ್ನ ತಕರಾರಿಲ್ಲ. ಆದರೆ ‘ಜ್ವರ ಬಂದ್ರೆ ಆಮೇಲೆ’ ಎನ್ನುವ ಮಾತಿದೆಯಲ್ಲ, ಅಲ್ಲೇ ನಾವೆಲ್ಲ ತಪ್ಪುವುದು. ದಡಾರದ ಸೋಂಕು ತಗುಲಿದ ಮೇಲೆ ಜ್ವರ ಬರಲು ಸುಮಾರು ಹತ್ತು ದಿನ, ದದ್ದು ಏಳಲು ಹದಿನಾಲ್ಕು ದಿನ ಬೇಕು. ಲಸಿಕೆ ಹಾಕಿಸಿ ತಡೆಯಬಹುದಾದ ಅವಕಾಶ ಇರುವುದು ಮೊದಲ 72 ಗಂಟೆ ಮಾತ್ರ. ಜ್ವರ ಬರಲೆಂದು ಕಾದರೆ ಆ ಬಾಗಿಲು ಮುಚ್ಚಿ ವಾರವೇ ಆಗಿರುತ್ತದೆ.

ಲೆಕ್ಕ ಹೇಗೆ?

ದದ್ದು ಕಾಣುವ ನಾಲ್ಕು ದಿನ ಮೊದಲಿನಿಂದ, ಕಂಡ ನಾಲ್ಕು ದಿನದ ತನಕ ರೋಗಿಯಿಂದ ಸೋಂಕು ಹರಡುತ್ತದೆ. ಹುಡುಗನಿಗೆ ದದ್ದು ಎದ್ದದ್ದು ಮಂಗಳವಾರ, ನಾವು ಹೋದದ್ದು ಭಾನುವಾರ. ಅಂದರೆ ಬರೀ ನೆಗಡಿ ಎಂದುಕೊಂಡ ಹೊತ್ತಿನಲ್ಲೇ ಅವನಿಂದ ಹರಡುತ್ತಿತ್ತು. ಮುಟ್ಟಲೇಬೇಕೆಂದಿಲ್ಲ. ಕೆಮ್ಮಿದಾಗ, ಸೀನಿದಾಗ ಬಂದ ವೈರಸ್ಸು ರೋಗಿ ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ಇರಬಲ್ಲದು. ರಕ್ಷಣೆ ಇಲ್ಲದ ಹತ್ತು ಜನ ಹತ್ತಿರ ಸುಳಿದರೆ ಒಂಬತ್ತು ಮಂದಿಗೆ ಅಂಟಬಹುದು.

ಭಾನುವಾರ ಐದರಿಂದ 72 ಗಂಟೆ ಎಂದರೆ ಬುಧವಾರ ಸಂಜೆ ಐದು. ನನ್ನ ಕೈಲಿದ್ದದ್ದು ಒಂದು ದಿನ, ಐದು ಗಂಟೆ. ನಮ್ಮ ಬಡಾವಣೆಯ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಮಕ್ಕಳಿಗೆ ಚುಚ್ಚುವುದು ಗುರುವಾರ! ಅಲ್ಲಿ ಒಂದು ಬಾಟಲಿಯಲ್ಲಿ ಹಲವು ಮಕ್ಕಳಿಗಾಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಅದಕ್ಕೇ ದಿನ ಗೊತ್ತುಮಾಡಿರುತ್ತಾರೆ. ನೀವು ಮಾತ್ರ ಆ ದಿನಕ್ಕೆ ಕಾಯಬೇಡಿ. ‘ದಡಾರದ ಮಗುವಿನ ಜೊತೆ ಇದ್ದು ಬಂದಿದ್ದೇವೆ’ ಎಂದು ಬಾಯಿಬಿಟ್ಟು ಹೇಳಿ ಕೇಳಿ. ಆಗಲಿಲ್ಲವೇ, ಖಾಸಗಿ ಮಕ್ಕಳ ಡಾಕ್ಟರ ಬಳಿ ಒಬ್ಬರಿಗೇ ಆಗುವ ಎಂಎಂಆರ್ ಸಿಗುತ್ತದೆ.

ತಾಯಿ ಕಾರ್ಡ್ ತೆಗೆಯಿರಿ

ನಾನು ಮಾಡಿದ ಮೊದಲ ಕೆಲಸ ಬೀರುವಿನಿಂದ ಕಾರ್ಡು ಹುಡುಕಿದ್ದು. ‘ಎಲ್ಲಾ ಹಾಕ್ಸಿದ್ದೀವಲ್ಲ’ ಎನ್ನುವ ನೆನಪನ್ನು ನಂಬಬೇಡಿ, ಬರವಣಿಗೆ ನೋಡಿ. ನಮ್ಮಲ್ಲಿ ದಡಾರ-ರುಬೆಲ್ಲಾ ಲಸಿಕೆ 9ರಿಂದ 12 ತಿಂಗಳ ನಡುವೆ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು. ಮಗಳ ಕಾರ್ಡಿನಲ್ಲಿ ಎರಡೂ ಇದ್ದವು. ಅವಳ ಮೇಲೆ ಒಂದು ಕಣ್ಣಿಡಿ, ಬೇರೇನೂ ಬೇಡ ಎಂದರು ಡಾಕ್ಟರು. ಎರಡು ಡೋಸು ನೂರಕ್ಕೆ 97 ಮಂದಿಗೆ ರಕ್ಷಣೆ ಕೊಡುತ್ತದೆ. ಒಂದೇ ಡೋಸಾಗಿದ್ದರೆ ಅಥವಾ ಏನೂ ಆಗಿಲ್ಲದಿದ್ದರೆ, ಗಂಟೆ ಎಣಿಸಿಕೊಂಡು ಡಾಕ್ಟರಿಗೆ ಫೋನು ಮಾಡಿ. ಮೂರು ದಿನ ದಾಟಿದ್ದರೂ ಲಸಿಕೆ ದಂಡವಲ್ಲ, ಮುಂದಿನ ಸಲಕ್ಕಾದರೂ ಕಾಯುತ್ತದೆ.

ನಮ್ಮ ವಯಸ್ಸಿನವರ ಕಥೆ ಬೇರೆ. ದಡಾರದ ಲಸಿಕೆ ದೇಶದ ಕಾರ್ಯಕ್ರಮಕ್ಕೆ ಸೇರಿದ್ದು 1985ರಲ್ಲಿ, ಎರಡನೇ ಡೋಸು ಬಂದದ್ದು 2010ರಲ್ಲಿ. 2017ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಲೆ, ಅಂಗನವಾಡಿಗಳಲ್ಲಿ 15 ವರ್ಷದೊಳಗಿನವರಿಗೆ ಒಟ್ಟಾಗಿ ಹಾಕಿದಾಗ ನಾವು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವ ಅಮ್ಮಂದಿರಾಗಿದ್ದೆವು. ಹಾಗಾಗಿ ಮಕ್ಕಳದಷ್ಟೇ ಅಲ್ಲ, ನಿಮ್ಮದೂ ಕೇಳಿಕೊಳ್ಳಿ.

ಕೂಸು, ಬಸುರಿ

ಏಳೂವರೆ ತಿಂಗಳ ಕೂಸಿಗೆ ಲಸಿಕೆಯ ವಯಸ್ಸೇ ಆಗಿಲ್ಲವಲ್ಲ ಎಂದು ನಾದಿನಿ ಅಳಲು ಶುರುಮಾಡಿದಳು. ಆದರೆ ಹೀಗೆ ಸೋಂಕಿನ ಹತ್ತಿರ ಹೋದಾಗ ಆರು ತಿಂಗಳು ತುಂಬಿದ ಕೂಸಿಗೂ ಡಾಕ್ಟರು ಲಸಿಕೆ ಹಾಕಬಹುದು. ಅದು ಲೆಕ್ಕಕ್ಕಿಲ್ಲದ ಡೋಸು. ಒಂಬತ್ತು ತುಂಬಿದ ಮೇಲಿನ ಎರಡನ್ನೂ ಮತ್ತೆ ಹಾಕಿಸಲೇಬೇಕು. ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಕೂಸಿಗೆ ಸೂಜಿ ಬಿತ್ತು. ಆರು ತಿಂಗಳೂ ತುಂಬದ ಕಂದಮ್ಮಗಳಿಗೆ ಲಸಿಕೆ ಹಾಕುವುದಿಲ್ಲ. ಅವರಿಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಉಂಟು, ಅದಕ್ಕೆ ಆರು ದಿನದ ಗಡುವು.

ಬಸುರಿಯರಿಗೆ ಈ ಲಸಿಕೆ ಹಾಕಲೇಬಾರದು. ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. ದಡಾರ ಬಂದರೆ ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ ಆಗುವ ಅಪಾಯವಿದೆ. ಓರಗಿತ್ತಿ ಅವಳ ಡಾಕ್ಟರಿಗೆ ಅಂದೇ ಫೋನು ಮಾಡಿದಳು. ರಕ್ತದಲ್ಲಿ ದಡಾರದ ಪ್ರತಿಕಾಯ ಇದೆಯೇ ಎಂದು ಪರೀಕ್ಷೆ ಮಾಡಿಸಿದರು. ಇಲ್ಲವಾದರೆ ಆರು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್. ಅವಳಮ್ಮ ಊರಿಂದ ‘ನಿಂಗೆ ಮೂರನೇ ಕ್ಲಾಸಲ್ಲಿ ಅಮ್ಮ ಆಗಿತ್ತು’ ಎಂದರು. ಆದರೆ ಯಾವ ಅಮ್ಮ? ನೀರುಗುಳ್ಳೆಯ ಚಿಕನ್ ಪಾಕ್ಸಿಗೂ ಅಮ್ಮ ಅಂತಾರೆ, ದಡಾರಕ್ಕೂ ಅಮ್ಮ ಅಂತಾರೆ. ರಿಪೋರ್ಟು ಬರುವ ತನಕ ಅವಳಿಗೆ ಊಟ ಸೇರಲಿಲ್ಲ, ನಮಗೂ ಅಷ್ಟೆ. ಪುಣ್ಯಕ್ಕೆ ಪ್ರತಿಕಾಯ ಇತ್ತು. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ಮನೆಯಲ್ಲಿದ್ದರೆ ಅವರ ಡಾಕ್ಟರಿಗೂ ಇಷ್ಟೇ ತುರ್ತಾಗಿ ತಿಳಿಸಿ.

ಇಪ್ಪತ್ತೊಂದು ದಿನ

ಆಮೇಲಿನದು ಕಾಯುವ ಕಾಲ. ರಕ್ಷಣೆ ಇಲ್ಲದವರು 21 ದಿನ ಶಾಲೆ, ಮದುವೆಮನೆ, ಬಾಣಂತಿ ಮನೆ ಎಂದು ಓಡಾಡಬಾರದು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜ್ವರ, ಒಣಕೆಮ್ಮು, ನೆಗಡಿ, ಕೆಂಪು ಕಣ್ಣು ಮೊದಲು. ಕೆನ್ನೆಯ ಒಳಗೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕಿಗಳೂ ಕಾಣಬಹುದು. ಆಮೇಲೆ ಕೂದಲಂಚು, ಕಿವಿಯ ಹಿಂದಿನಿಂದ ದದ್ದು ಎದ್ದು ಕೆಳಗಿಳಿಯುತ್ತದೆ.

ನಮ್ಮ ಕೂಸಿಗೆ ಲಸಿಕೆಯಾದ ಎಂಟನೇ ದಿನ ಮೈ ಬಿಸಿ. ನಾದಿನಿ ಆಟೋ ಕರೆದೇಬಿಟ್ಟಿದ್ದಳು. ಮೊದಲು ಫೋನು ಮಾಡು ಎಂದು ತಡೆದೆ. ಕ್ಲಿನಿಕ್ಕಿನ ಹೊರಗೆ ಬೇರೆ ಬಾಣಂತಿಯರು, ಹಸುಳೆಗಳು ಕೂತಿರುತ್ತಾರಲ್ಲವೇ? ಡಾಕ್ಟರು ಎಲ್ಲರೂ ಹೋದ ಮೇಲೆ, ಪಕ್ಕದ ಬಾಗಿಲಿಂದ ಬರಹೇಳಿದರು. ಲಸಿಕೆಯಿಂದಲೂ ಆರರಿಂದ ಹನ್ನೆರಡು ದಿನದೊಳಗೆ ಇಂಥ ಜ್ವರ ಬರುವುದುಂಟಂತೆ. ಎರಡು ದಿನಕ್ಕೆ ಇಳಿಯಿತು. ಒಂದು ದದ್ದೂ ಏಳಲಿಲ್ಲ.

ಒಂದು ವೇಳೆ ಎದ್ದರೆ? ದದ್ದು ಕಂಡ ದಿನದಿಂದ ನಾಲ್ಕು ದಿನ ಬೇರೆ ಕೋಣೆ, ಕಿಟಕಿ ತೆಗೆದಿರಲಿ. ಆಶಾ ಕಾರ್ಯಕರ್ತೆಗೆ ತಿಳಿಸಿ. ಎದೆಹಾಲು, ಗಂಜಿ, ಎಳನೀರು ನಿಲ್ಲಿಸಬೇಡಿ. ದಡಾರ ಬಂದ ಮಕ್ಕಳಿಗೆ ವಿಟಮಿನ್ ಎ ಎರಡು ದಿನ ಸತತವಾಗಿ ಕೊಡುತ್ತಾರೆ, ಕಣ್ಣು ಉಳಿಸುವ ಔಷಧಿ ಅದು. ಅಳತೆ ವಯಸ್ಸಿನ ಮೇಲೆ, ಡಾಕ್ಟರೇ ಕೊಡಬೇಕು. ಕಣ್ಣಿಗೆ ಹರಳೆಣ್ಣೆ, ಸೊಪ್ಪಿನ ರಸ ಖಂಡಿತ ಬೇಡ. ಆಸ್ಪಿರಿನ್ ಬೇಡ. ಉಸಿರಾಟ ಜೋರಾದರೆ, ಪಕ್ಕೆ ಒಳಗೆಳೆದರೆ, ಹಾಲು-ನೀರು ಕುಡಿಯದಿದ್ದರೆ, ಮಂಕಾದರೆ, ಫಿಟ್ಸ್ ಬಂದರೆ ‘ಅಮ್ಮ ಇಳೀಲಿ’ ಎಂದು ಕಾಯದೆ ಆಸ್ಪತ್ರೆಗೆ ಓಡಿ. 2022ರಲ್ಲಿ ಮುಂಬೈಯಲ್ಲಿ ದಡಾರ ಹಬ್ಬಿದಾಗ ಹಲವು ಪುಟ್ಟ ಮಕ್ಕಳು ತೀರಿಕೊಂಡವು.

ಇನ್ನೊಂದು ಮಾತು. ಆ ಹುಡುಗನ ಅಮ್ಮ ನನಗೆ ಫೋನು ಮಾಡುವ ಮೊದಲು ಅರ್ಧ ಗಂಟೆ ಯೋಚಿಸಿದರಂತೆ, ಬಯ್ಕೊಳ್ತಾರೇನೋ ಅಂತ. ನಾನೇ ಅವರ ಜೊತೆ ಕೂತು ಪಾರ್ಟಿಗೆ ಬಂದ ಉಳಿದ ಹದಿನಾಲ್ಕು ಮನೆಗೂ ಫೋನು ಮಾಡಿಸಿದೆ. ಇಬ್ಬರು ಮಕ್ಕಳಿಗೆ ಎರಡನೇ ಡೋಸು ಬಿಟ್ಟುಹೋಗಿತ್ತು. ಬುಧವಾರವೇ ಹಾಕಿಸಿದರು.

ಕೂಸಿಗೆ ಒಂಬತ್ತು ತುಂಬುವ ವಾರದ ಗುರುವಾರಕ್ಕೆ ಅತ್ತೆ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟಿಟ್ಟಿದ್ದಾರೆ. ಬಾಗಿಲಿನ ಬೇವು ಒಣಗಿದೆ, ತೆಗೆದಿಲ್ಲ.