ಥಾಣೆಯಿಂದ ಚೀನಾಕ್ಕೆ ಹೋದ ಎಲುಬುಗಳು

ಡೊಂಬಿವಲಿ, ಕಲ್ಯಾಣ್ ಕಡೆಯ ಕನ್ನಡಿಗರು ಭಾನುವಾರದ ಪ್ರವಾಸ ಅಂದ ಕೂಡಲೇ ಬಸ್ ಮಾಡಿಕೊಂಡು ಲೋಣಾವಳಕ್ಕೋ ಶಿರಡಿಗೋ ಹೊರಡುತ್ತಾರೆ. ಪಾದ್ರಿಗಳ, ಪೋರ್ಚುಗೀಸರ ಜಾಡು ಹಿಡಿಯುವುದಾದರೆ ಲೋಕಲ್ ಟಿಕೆಟ್ಟೇ ಸಾಕು. ಆದರೆ ಇಲ್ಲಿ ಕಣ್ಣಿಗೆ ಬೀಳುವುದಕ್ಕಿಂತ ಕೇಳಬೇಕಾದದ್ದೇ ಹೆಚ್ಚು.

ಮೊದಲು ಕಲ್ಯಾಣ್. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ವ್ಯಾಪಾರಿ ಕಾಸ್ಮಾಸ್, ‘ಕಲ್ಲಿಯಾನ’ ಎಂಬ ಬಂದರಿನಲ್ಲಿ ಪರ್ಷಿಯಾದಿಂದ ನೇಮಕಗೊಂಡ ಬಿಷಪ್ ಇದ್ದಾನೆಂದು ಬರೆದ. ಅದು ಈ ಕಲ್ಯಾಣ್ ಅನ್ನುವವರು ಹೆಚ್ಚು; ಉಡುಪಿ ಬಳಿಯ ಕಲ್ಯಾಣಪುರ ಅನ್ನುವವರೂ ಇದ್ದಾರೆ. ಗುಂಪಿನಲ್ಲಿ ಕರಾವಳಿಯವರಿದ್ದರೆ ಈ ವಾದ ಥಾಣೆ ಬಂದರೂ ಮುಗಿಯದು. ಕಾನ್ಹೇರಿ ಗುಹೆಗಳಿಗೆ ದಾನ ಕೊಟ್ಟ ಕಲ್ಯಾಣದ ವರ್ತಕರ ಹೆಸರು ಅಲ್ಲಿನ ಶಾಸನಗಳಲ್ಲೇ ಇರುವುದರಿಂದ ನನ್ನ ಮತ ಈ ಊರಿಗೆ. ನೋಡಲು ಮಾತ್ರ ಆ ಕಾಲದ್ದೇನೂ ಉಳಿದಿಲ್ಲ. 1657ರಲ್ಲಿ ಕಲ್ಯಾಣ್ ಗೆದ್ದ ಶಿವಾಜಿ ಹಡಗು ಕಟ್ಟಿಸಿದ ಖಾಡಿಯನ್ನು ದುರ್ಗಾಡಿ ಕೋಟೆಯ ಮೇಲಿಂದ ನೋಡಿ ರೈಲು ಹತ್ತಬಹುದು.

ಥಾಣೆಯ ಕತೆ ಗಂಡ–ಹೆಂಡಿರ ಜಗಳದಿಂದ ಶುರುವಾಗುತ್ತದೆ. 1321ರಲ್ಲಿ ಕೊಲ್ಲಂಗೆ ಹೊರಟಿದ್ದ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳ ಹಡಗು ಗಾಳಿಗೆ ಸಿಕ್ಕಿ ಇಲ್ಲಿಗೆ ಬಂತು. ಅವರು ಇಳಿದುಕೊಂಡದ್ದು ನೆಸ್ಟೋರಿಯನ್, ಅಂದರೆ ಪರ್ಷಿಯಾದ ಸಭೆಗೆ ಸೇರಿದ, ಕ್ರೈಸ್ತನೊಬ್ಬನ ಮನೆಯಲ್ಲಿ. ಅಂಥ ಹದಿನೈದು ಮನೆಗಳು ಊರಲ್ಲಿದ್ದವು. ಮನೆಯಾತ ಹೆಂಡತಿಗೆ ಹೊಡೆದ. ಆಕೆ ಖಾಜಿಗೆ ದೂರು ಕೊಟ್ಟಳು. ಸಾಕ್ಷಿ ಯಾರು ಅಂದಾಗ ಮನೆಯಲ್ಲಿದ್ದ ಪರದೇಶಿ ಸನ್ಯಾಸಿಗಳನ್ನು ತೋರಿಸಿದಳು. ವಿಚಾರಣೆ ಜಗಳ ಬಿಟ್ಟು ಧರ್ಮದ ವಾದಕ್ಕೆ ತಿರುಗಿತು. ಕೊನೆಗೆ ನಾಲ್ವರೂ ಕೊಲೆಯಾದರು. ಆಗ ಬೇರೆ ಊರಿಗೆ ಹೋಗಿದ್ದ ಸಂಗಡಿಗ ಜೋರ್ಡಾನಸ್ ಉಳಿದುಕೊಂಡ. 1329ರಲ್ಲಿ ಕೊಲ್ಲಂನ ಬಿಷಪ್ ಆದವನು ಇವನೇ.

ಇಷ್ಟೆಲ್ಲ ಗೊತ್ತಾಗುವುದು ಕೆಲ ಕಾಲದ ನಂತರ ಥಾಣೆಗೆ ಬಂದ ಇಟಲಿಯ ಒಡೊರಿಕ್‌ನಿಂದ. ಅವನು ಸತ್ತವರ ಎಲುಬುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟ. ದಾರಿಯಲ್ಲಿ ಅವನ್ನು ತಲೆದಿಂಬಿನಡಿ ಇಟ್ಟು ಮಲಗಿದ್ದಾಗ ಯಾರೋ ಮನೆಗೆ ಬೆಂಕಿ ಹಚ್ಚಿದರಂತೆ, ಎಲುಬು ಹಿಡಿದು ಮೂಲೆಯಲ್ಲಿ ಕೂತ ಇವನಿಗೆ ಮಾತ್ರ ಏನೂ ಆಗಲಿಲ್ಲವಂತೆ. ಸಮುದ್ರದಲ್ಲಿ ಗಾಳಿ ಬೀಸದೆ ಹಡಗು ನಿಂತಾಗ ಒಂದು ಎಲುಬನ್ನು ಗುಟ್ಟಾಗಿ ನೀರಿಗೆ ಹಾಕಿಸಿದ, ಗಾಳಿ ಎದ್ದಿತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಉಳಿದ ಎಲುಬುಗಳು ಚೀನಾದ ಝೈತೂನ್, ಅಂದರೆ ಇಂದಿನ ಛುವಾನ್‌ಝೌ ತಲುಪಿದವು.

ಥಾಣೆಯಲ್ಲಿ ನೋಡಸಿಗುವ ಕಟ್ಟಡಗಳೆಲ್ಲ ಆಮೇಲಿನವು. 1534ರಲ್ಲಿ ಗುಜರಾತಿನ ಬಹಾದ್ದೂರ್ ಷಾ ಥಾಣೆಯೂ ಸೇರಿದ ವಸಾಯಿ ಸೀಮೆಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಅವರು ಹಳ್ಳಿಗಳನ್ನು ತಮ್ಮ ಗಣ್ಯರಿಗೆ ಹಂಚಿದರು. ಹಳ್ಳಿ ಪಡೆದವನು ಕಂದಾಯ ಕಟ್ಟಬೇಕು, ಯುದ್ಧ ಬಂದರೆ ಕುದುರೆ, ಆಳು ಒದಗಿಸಬೇಕು. ಮಾಸುಂದಾ ಕೆರೆಯ ದಂಡೆಯ ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಚರ್ಚಿನ ಮೂಲ ಆ ಕಾಲದ್ದು. ಅದೇ ಕೆರೆಯ ಬಳಿಯ ಕೋಪಿನೇಶ್ವರ ದೇವಸ್ಥಾನವನ್ನು 1760ರಲ್ಲಿ ಮರಾಠರ ಸುಭೇದಾರ ರಾಮಾಜಿ ಮಹಾದೇವ ಬಿವಲ್ಕರ್ ಮತ್ತೆ ಕಟ್ಟಿಸಿದ. ಎರಡರ ನಡುವೆ ನಡೆದುಹೋದರೆ ಸಾಕು, ಆಳ್ವಿಕೆ ಬದಲಾದದ್ದು ತಿಳಿಯುತ್ತದೆ.

ಇನ್ನೊಂದು ಪೋರ್ಚುಗೀಸ್ ಕುರುಹು ಕೋಟೆ. 1730ರಲ್ಲಿ ಕೆಲಸ ಶುರುವಾಯಿತು. ಮುಗಿಯುವ ಮೊದಲೇ, 1737ರಲ್ಲಿ, ಮರಾಠರು ಹಿಡಿದರು. 1774ರಲ್ಲಿ ಇಂಗ್ಲಿಷರು ಕಿತ್ತುಕೊಂಡು ಮುಂದೆ ಜೈಲು ಮಾಡಿದರು. ಈ ಗೋಡೆಗಳು ಗಟ್ಟಿಯಾಗಿ ಉಳಿದದ್ದೇ ಜೈಲಿನ ದೆಸೆಯಿಂದ. ಖಾಲಿ ಬಿಟ್ಟ ಕೋಟೆಯ ಕಲ್ಲನ್ನು ಊರವರು ಹೊತ್ತೊಯ್ಯುತ್ತಾರೆ. ನಾಸಿಕ್ ಕಲೆಕ್ಟರ್ ಜಾಕ್ಸನ್‌ನನ್ನು ಗುಂಡಿಟ್ಟು ಕೊಂದ ಅನಂತ ಕಾನ್ಹೆರೆಯನ್ನು 1910ರ ಏಪ್ರಿಲ್ 19ರಂದು ಗಲ್ಲಿಗೇರಿಸಿದ್ದು ಇಲ್ಲೇ. ಈಗಲೂ ಸೆಂಟ್ರಲ್ ಜೈಲು, ಹಾಗಾಗಿ ಹೊರಗಿನಿಂದ ನೋಡಿ ಮಾಮಲೇದಾರ್ ಮಿಸಳ್ ಹೋಟೆಲಿನ ಕಡೆ ತಿರುಗುವುದು ಜಾಣತನ.

ಪೋರ್ಚುಗೀಸರು ಹೋದರೂ ಅವರ ಕಾಲದಲ್ಲಿ ಕ್ರೈಸ್ತರಾದ ಇಲ್ಲಿನ ರೈತರು, ಮೀನುಗಾರರು ಉಳಿದರು. 1853ರಲ್ಲಿ ಬೋರಿಬಂದರ್‌ನಿಂದ ಥಾಣೆಗೆ ಮೊದಲ ರೈಲು ಬಂತು. ಮುಂಬೈಯಲ್ಲಿ ಉದ್ಯೋಗ ಬೆಳೆದಂತೆ ಹೊರಗಿನ ಕ್ಯಾಥೊಲಿಕರೂ ಬಂದರು. ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದ ಕೆಲಸ ಮಾಡುತ್ತ ಬಂದ ಸ್ಥಳೀಯರು ತಾವು ಬೇರೆ ಎಂದು ತೋರಿಸಲು ‘ಈಸ್ಟ್ ಇಂಡಿಯನ್’ ಎಂದು ಕರೆದುಕೊಂಡು 1887ರಲ್ಲಿ ಸಂಘ ಕಟ್ಟಿದರು. ಅವರು ದೂರ ಇಡಲು ಬಯಸಿದ ಹೊಸಬರು ಗೋವೆಯವರು ಮತ್ತು ನಮ್ಮ ಮಂಗಳೂರಿನವರು.