ತಿಂಗಳ ಸಾಮಾನಿನ ಚೀಟಿ

ಸಾಹಿತ್ಯದ ಪ್ರಕಾರಗಳನ್ನು ಎಣಿಸುವಾಗ ನಾವು ಮಹಾಕಾವ್ಯದಿಂದ ತೊಡಗಿ ಚುಟುಕದವರೆಗೆ ಬರುತ್ತೇವೆ. ಶಾಸನ, ವಚನ, ಕೀರ್ತನೆ, ತ್ರಿಪದಿ ಯಾವುದನ್ನೂ ಬಿಡುವುದಿಲ್ಲ. ಕಾಗದಪತ್ರಗಳಿಗೂ ದಿನಚರಿಗಳಿಗೂ ಒಂದು ಮೂಲೆಯನ್ನು ಕೊಡುತ್ತೇವೆ. ಆದರೆ ಅಕ್ಷರ ಬಲ್ಲ ಪ್ರತಿಯೊಂದು ಮನೆಯಲ್ಲಿಯೂ ತಿಂಗಳಿಗೊಮ್ಮೆ ತಪ್ಪದೆ ಹುಟ್ಟುವ ಒಂದು ಬರವಣಿಗೆ ಮಾತ್ರ ಈ ಎಣಿಕೆಗೆ ಸೇರಿಲ್ಲ. ಅದು ಅಂಗಡಿಗೆ ಒಯ್ಯುವ ಸಾಮಾನಿನ ಚೀಟಿ. ಜನ್ಮದಲ್ಲಿ ಒಂದು ಪದ್ಯವನ್ನೂ ಬರೆಯದವರು ಅಸಂಖ್ಯ. ಒಂದು ಚೀಟಿಯನ್ನೂ ಬರೆಯದವರು ಸಿಕ್ಕುವುದು ಕಷ್ಟ.

ವಂಶಾವಳಿಯನ್ನು ಕೆದಕಿ ನೋಡಿದರೆ ಕಾವ್ಯಕ್ಕಿಂತ ಪಟ್ಟಿಯೆ ಹಿರಿದು. ಇಂದಿನ ಇರಾಕಿನಲ್ಲಿದ್ದ ಉರುಕ್ ಪಟ್ಟಣದಲ್ಲಿ, ಕ್ರಿಸ್ತಪೂರ್ವ ಸುಮಾರು ೩೩೦೦ರ ಹೊತ್ತಿಗೆ, ಹಸಿ ಜೇಡಿಯ ಹಲಗೆಗಳ ಮೇಲೆ ಮನುಷ್ಯನು ಗೀರಿದ ಅತಿ ಪ್ರಾಚೀನ ಬರಹಗಳಲ್ಲಿ ದೇವಸ್ತುತಿಯಿಲ್ಲ, ವಿರಹವಿಲ್ಲ. ಧಾನ್ಯವೆಷ್ಟು, ಕುರಿಗಳೆಷ್ಟು ಎಂಬ ಲೆಕ್ಕವಿದೆ. ನಮ್ಮ ನಾಡಿಗೆ ಬಂದರೆ, ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ಹಿರಿಮೆಯನ್ನು ಸಾರುವ ಶಾಸನಗಳು ಆನೆ ಕುದುರೆಗಳಿಂದ ಹಿಡಿದು ಮುತ್ತು ರತ್ನ, ಏಲಕ್ಕಿ ಲವಂಗ, ಶ್ರೀಗಂಧ ಕರ್ಪೂರ ಕಸ್ತೂರಿಗಳವರೆಗೆ ಅವರು ಮಾರುತ್ತಿದ್ದ ಸರಕನ್ನು ಸಾಲಾಗಿ ಹೇಳುತ್ತವೆ. ಕವಿಗಳಾದರೂ ಪಟ್ಟಿಯಿಂದ ತಪ್ಪಿಸಿಕೊಂಡರೆ? ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ ಎಂದು ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳನ್ನು ದಂಡಿಯು ‘ಕಾವ್ಯಾದರ್ಶ’ದಲ್ಲಿ ಎಣಿಸಿಕೊಟ್ಟನು. ಆ ಚೀಟಿಯನ್ನು ಕೈಯಲ್ಲಿ ಹಿಡಿದು ಎಷ್ಟು ಕವಿಗಳು ವಾಙ್ಮಯದ ಪೇಟೆಯನ್ನು ಸುತ್ತಿ ಬಂದರೆಂಬುದನ್ನು ವಿದ್ಯಾರ್ಥಿಗಳು ಬಲ್ಲರು.

ಪಟ್ಟಿಗೆಂದೇ ಒಪ್ಪುವ ಪುಸ್ತಕವೊಂದನ್ನೂ ನಮ್ಮ ಹಿರಿಯರು ನಿರ್ಮಿಸಿಕೊಂಡಿದ್ದರು. ಬಟ್ಟೆಗೆ ಹುಣಿಸೆಬೀಜದ ಗಂಜಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತವದು. ಶೃಂಗೇರಿ ಮಠದ ಕಡತಗಳು ಇಂದು ಇತಿಹಾಸಕಾರರಿಗೆ ಆಕರಗಳಾಗಿವೆ. ಕಡತದ ಗುಣವೆಂದರೆ ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ತಾಳೆಯೋಲೆಯ ಮೇಲೆ ಕಂಟದಿಂದ ಕೊರೆದದ್ದು ಉಳಿಯಲೆಂದು; ಬಳಪದಿಂದ ಬರೆದದ್ದು ಕೆಲಸ ಮುಗಿದ ಮೇಲೆ ಅಳಿಯಲೆಂದು. ಅಂಗಡಿಯ ಚೀಟಿ ಈ ಎರಡನೆಯ ಕುಲಕ್ಕೆ ಸೇರಿದ್ದು.

ಈ ಚೀಟಿಗೆ ತನ್ನದೇ ಆದ ವ್ಯಾಕರಣವೊಂದುಂಟು. ಮೇಲುಗಡೆ ‘ಶ್ರೀ’ಕಾರ. ಸಂಪ್ರದಾಯವನ್ನು ಬಿಡದ ಮನೆಗಳಲ್ಲಿ ಮೊದಲ ಸಾಲು ಅರಿಶಿನ ಕುಂಕುಮಗಳದು. ಆಮೇಲೆ ಅಕ್ಕಿ, ತೊಗರಿಬೇಳೆ, ಉದ್ದಿನಬೇಳೆ, ಬೆಲ್ಲ. ಅವುಗಳ ಹಿಂದೆ ಸಾಸಿವೆ, ಜೀರಿಗೆ, ಮೆಂತ್ಯ, ಇಂಗು. ಕೊನೆಯಲ್ಲಿ ಸೋಪು, ಬೆಂಕಿಪೊಟ್ಟಣ, ಊದುಬತ್ತಿ. ಉದ್ದಕ್ಕೂ ನಾಮಪದ ಮತ್ತು ಸಂಖ್ಯೆ. ಕ್ರಿಯಾಪದ ಒಂದೂ ಇಲ್ಲ. ಪ್ರತಿಯೊಂದು ಸಾಲಿನ ತುದಿಯಲ್ಲಿಯೂ ‘ಬೇಕು’ ಎಂಬುದನ್ನು ಅಧ್ಯಾಹಾರ ಮಾಡಿಕೊಳ್ಳಬೇಕು. ಆ ‘ಬೇಕು’ವಿನ ಹಿಂದೆ ಅಡಗಿರುವುದು ‘ಇಲ್ಲ’. ಅಕ್ಕಿಯೋ ಉಪ್ಪೋ ತೀರಿದಾಗ ‘ಇಲ್ಲ’ ಎಂದು ನಾಲಿಗೆಯಲ್ಲಿ ಆಡಬಾರದೆಂದು ‘ತುಂಬಿದೆ’ ಎನ್ನುವ ಮನೆಗಳು ನಮ್ಮಲ್ಲಿ ಎಷ್ಟೋ. ಚೀಟಿಯೂ ಅದೇ ಸೌಜನ್ಯವನ್ನು ಪಾಲಿಸುತ್ತದೆ. ಮನೆಯ ಕೊರತೆಗಳನ್ನೆಲ್ಲ ಹೇಳಿಯೂ ‘ಇಲ್ಲ’ ಎಂಬ ಮಾತನ್ನು ಅದು ಒಮ್ಮೆಯೂ ಆಡುವುದಿಲ್ಲ. ಗಾಯಕ್ಕೆ ಕಟ್ಟುವ ಬಟ್ಟೆಯನ್ನೂ ಅಂಗಡಿಗೆ ಒಯ್ಯುವ ಕಾಗದವನ್ನೂ ಕನ್ನಡವು ‘ಪಟ್ಟಿ’ ಎಂಬ ಒಂದೇ ಮಾತಿನಿಂದ ಕರೆಯುವುದು ಆಕಸ್ಮಿಕವಿರಬಹುದು. ಆದರೂ ಒಪ್ಪುವ ಆಕಸ್ಮಿಕ.

ಕಾಲದ ಗುರುತುಗಳೂ ಚೀಟಿಯ ಮೇಲೆ ಬೀಳುತ್ತವೆ. ಒಂದು ಕಾಲಕ್ಕೆ ಅದರಲ್ಲಿ ಸೇರು, ಅಚ್ಚೇರು, ಪಾವು, ಚಟಾಕುಗಳಿದ್ದುವು. ಬೆಲೆಗಳು ಆಣೆ ಕಾಸುಗಳಲ್ಲಿದ್ದುವು. ೧೯೫೭ರ ಏಪ್ರಿಲ್ ೧ರಂದು ದಶಮಾಂಶದ ನಾಣ್ಯ ಬಂದು ಆಣೆ ನಯಾ ಪೈಸೆಗೆ ಎಡೆಗೊಟ್ಟಿತು. ೧೯೬೨ರಿಂದ ತೂಕದಲ್ಲಿ ಕಿಲೋಗ್ರಾಂ ಕಡ್ಡಾಯವಾಯಿತು. ಆದರೆ ಕಾಯಿದೆಯ ಆಜ್ಞೆ ಅಂಗಡಿಯ ಕಟ್ಟೆಯವರೆಗೆ ಮಾತ್ರ ನಡೆಯಿತು. ಅಡಿಗೆಮನೆಯ ಹೊಸ್ತಿಲನ್ನು ದಾಟಲಿಲ್ಲ. ಕಿಲೋಗ್ರಾಮಿನಲ್ಲಿ ಬಂದ ಅಕ್ಕಿಯನ್ನು ಪಾವಿನಲ್ಲಿ ಅಳೆದು ಒಲೆಗೆ ಇಡುವ ಗೃಹಿಣಿಯರು ಇಂದಿಗೂ ಇದ್ದಾರೆ. ಮೂವತ್ತು ದಿನ, ದಿನಕ್ಕೆ ಎರಡು ಹೊತ್ತು, ನಡುವೆ ಬರುವ ನೆಂಟರು, ಹಬ್ಬ, ಉಪವಾಸ ಇಷ್ಟನ್ನೂ ಗುಣಿಸಿ ಕೂಡಿಸಿ ಕಳೆದು, ಅಳತೆಯನ್ನು ಬದಲಾಯಿಸಿ, ‘ಅಕ್ಕಿ ೨೫ ಕೆ.ಜಿ.’ ಎಂದು ಒಂದು ಸಾಲು ಹೇಳುವ ಲೆಕ್ಕಾಚಾರ ಅವರ ತಲೆಯಲ್ಲಿಯೆ ನಡೆಯುತ್ತದೆ. ಕಾಗದದ ಮೇಲೆ ಕಾಣುವುದು ಉತ್ತರ ಮಾತ್ರ.

ಈ ಕಾಣದ ಲೆಕ್ಕದ ಬೆಲೆ ನನಗೆ ತಿಳಿದದ್ದು ಹುಡುಗನಾಗಿದ್ದಾಗ. ನಮ್ಮ ಮನೆಯಲ್ಲಿ ಚೀಟಿ ಬರೆಯುತ್ತಿದ್ದವರು ತಂದೆ. ಅಕ್ಕಿಯಲ್ಲಿ ಕಲ್ಲು ಆರಿಸುತ್ತ ತಾಯಿ ಹೇಳುತ್ತ ಹೋಗುವರು. ತಂದೆ ಬರೆದು, ಬೆಲೆ ಕಟ್ಟಿ, ಮೊತ್ತ ಹಾಕುವರು. ಮೊತ್ತ ಸಂಬಳವನ್ನು ಮೀರಿದಾಗ ಹೊಡೆದುಹಾಕುವ ಕಾರ್ಯ ಆರಂಭವಾಗುವುದು. ಮೊದಲು ಗೋಡಂಬಿ ದ್ರಾಕ್ಷಿ ಹೋಗುವುವು. ಕಾಫಿಪುಡಿ ಅರ್ಧಕ್ಕೆ ಇಳಿಯುವುದು. ಪಟ್ಟಿಯ ಕೊನೆಗೆ, ದನಿ ತಗ್ಗಿಸಿ, ಮಂಡಿನೋವಿಗೆಂದು ತಾಯಿ ಹೇಳಿದ್ದ ನೀಲಗಿರಿ ಎಣ್ಣೆಯ ಸೀಸೆಯೊಂದು ಇರುತ್ತಿತ್ತು. ತಂದೆಯ ಲೇಖನಿ ಅಲ್ಲಿಗೆ ಬಂದು ತಡೆದರೆ, “ಅದನ್ನು ಹೊಡೆದುಬಿಡಿ, ಬರುವ ತಿಂಗಳು ನೋಡೋಣ” ಎಂದು ತಾಯಿಯೆ ಹೇಳುವರು. ಎಷ್ಟೋ ತಿಂಗಳು ಆ ಸೀಸೆ ಹೀಗೆ ಬರೆಯಿಸಿಕೊಂಡು ಹೊಡೆಯಿಸಿಕೊಂಡಿತು.

ಒಂದು ಮಳೆಗಾಲದಲ್ಲಿ ತಾಯಿ ವಿಷಮಶೀತ ಜ್ವರದಿಂದ ಮೂರು ವಾರ ಆಸ್ಪತ್ರೆಯಲ್ಲಿದ್ದರು. ಅಂದು ಬರೆಯುವ ಕೈ ಮನೆಯಲ್ಲಿಯೆ ಇತ್ತು. ಹೇಳುವ ಬಾಯಿ ಇರಲಿಲ್ಲ. ಯಾವ ಡಬ್ಬಿಯಲ್ಲಿ ಏನಿದೆ, ಎಷ್ಟಿದೆ, ಎಂದಿಗೆ ಮುಗಿಯುತ್ತದೆ ಎಂಬುದು ನಮಗೆ ಯಾರಿಗೂ ತಿಳಿಯದು. ಮನೆಯಲ್ಲಿದ್ದ ಬೆಲ್ಲವೇ ಮತ್ತೆ ಬಂತು. ಉಪ್ಪಿನ ಮರಿಗೆ ಬರಿದಾಗಿತ್ತು. ತಂದೆ ಒಂದು ಸಂಜೆ ಕಾಗದ ಲೇಖನಿಗಳನ್ನು ತೆಗೆದುಕೊಂಡು ಹಾಸಿಗೆಯ ಬಳಿ ಕುಳಿತರು. ತಾಯಿ ಕಣ್ಣು ಮುಚ್ಚಿಯೆ ಹೇಳಿದರು: “ಮೆಂತ್ಯ ತರಬೇಡಿ, ಮೇಲಿನ ಸಾಲಿನ ಎರಡನೆಯ ಡಬ್ಬಿಯಲ್ಲಿದೆ. ಉದ್ದಿನಬೇಳೆ ಶುಕ್ರವಾರದವರೆಗೆ ಬಂದೀತು.” ಜ್ವರದ ತಾಪದಲ್ಲಿಯೂ ಅವರು ಆ ಅಡಿಗೆಮನೆಯಿಂದ ಹೊರಗೆ ಬಂದಿರಲಿಲ್ಲ. ಆ ವಾರವೇ ತಂದೆ ಒಂದು ಸ್ಲೇಟನ್ನು ತಂದು ಅಡಿಗೆಮನೆಯ ಬಾಗಿಲ ಪಕ್ಕದಲ್ಲಿ ತೂಗುಹಾಕಿದರು. ಯಾರು ಯಾವ ಡಬ್ಬಿಯ ತಳವನ್ನು ಕಂಡರೂ ಅದರ ಹೆಸರನ್ನು ಅಲ್ಲಿ ಬರೆಯಬೇಕೆಂಬುದು ನಿಯಮ. ಸ್ಲೇಟಿನ ಮೊದಲ ಸಾಲನ್ನು ಅವರೇ ಬರೆದರು: ನೀಲಗಿರಿ ಎಣ್ಣೆ.

ನಾವು ಸ್ಲೇಟಿನ ಮುಂದೆ ನಿಂತು ಕಲಿತದ್ದನ್ನು ಈಚೆಗೆ ಸಮಾಜಶಾಸ್ತ್ರವೂ ಹೇಳುತ್ತಿದೆ. ಅಮೆರಿಕದ ವಿದುಷಿ ಆಲಿಸನ್ ಡೆಮಿಂಜರ್ ೨೦೧೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಗೆಲಸದ ಚಿಂತನೆಯ ಭಾಗವನ್ನು ನಾಲ್ಕಾಗಿ ವಿಂಗಡಿಸಿದ್ದಾರೆ: ಬೇಕಾದೀತೆಂದು ಮುಂಗಾಣುವುದು, ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ನಡೆಯಿತೆ ಎಂದು ನೋಡಿಕೊಳ್ಳುವುದು. ಅವರು ಮಾತನಾಡಿಸಿದ ದಂಪತಿಗಳಲ್ಲಿ ತೀರ್ಮಾನವು ಬಹುಮಟ್ಟಿಗೆ ಇಬ್ಬರದೂ ಆಗಿತ್ತು. ಮುಂಗಾಣುವ ಮತ್ತು ನೋಡಿಕೊಳ್ಳುವ ಭಾರ ಮಾತ್ರ ಹೆಚ್ಚಾಗಿ ಹೆಂಡತಿಯದು. ನಮ್ಮ ದೇಶದ ೨೦೨೪ರ ಕಾಲಬಳಕೆ ಸಮೀಕ್ಷೆಯಂತೆ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ ೨೮೯ ನಿಮಿಷ ಕೊಡುತ್ತಾರೆ. ಗಂಡಸರು ೮೮ ನಿಮಿಷ. ಗುಡಿಸಿದ್ದನ್ನೂ ಬೇಯಿಸಿದ್ದನ್ನೂ ನಿಮಿಷಗಳಲ್ಲಿ ಹಿಡಿಯಬಹುದು. ಸಾರಿಗೆ ಒಗ್ಗರಣೆ ಕೊಡುತ್ತಲೇ ನಾಳೆಗೆ ಉದ್ದು ಉಂಟೆ ಎಂದು ನೆನೆಯುವ ಆ ನೆನಹನ್ನು ಯಾವ ಗಡಿಯಾರ ಅಳೆದೀತು?

ಪಟ್ಟಿಯ ಪುರುಷಾರ್ಥ ಇಲ್ಲಿದೆ. ಅದು ಜ್ಞಾಪಕದ ಸಾಧನವೆಂದು ಎಲ್ಲರೂ ಬಲ್ಲರು. ಒಬ್ಬರ ತಲೆಯ ಭಾರವನ್ನು ಇಳಿಸಿ ಎಲ್ಲರ ಕಣ್ಣಿಗೂ ಕಾಣುವೆಡೆಯಲ್ಲಿ ಇಡುವ ಸಾಧನವೆಂಬುದನ್ನು ಮರೆಯುತ್ತೇವೆ. ಇಳಿಸುವುದರಿಂದಲೇ ಒಂದು ಸುಖವುಂಟು. ಬೇಲರ್ ವಿಶ್ವವಿದ್ಯಾನಿಲಯದಲ್ಲಿ ೫೭ ಮಂದಿ ತರುಣ ತರುಣಿಯರ ಮೇಲೆ ನಡೆದು ೨೦೧೮ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮಲಗುವ ಮುನ್ನ ೫ ನಿಮಿಷ ಅರ್ಧದಷ್ಟು ಜನ ಮುಂದೆ ಮಾಡಬೇಕಾದ ಕೆಲಸಗಳನ್ನೂ ಉಳಿದವರು ಮುಗಿಸಿದ ಕೆಲಸಗಳನ್ನೂ ಬರೆದರು. ಮಾಡಬೇಕಾದುದನ್ನು ಬರೆದವರಿಗೆ ಸುಮಾರು ೯ ನಿಮಿಷ ಮುಂಚಿತವಾಗಿ ನಿದ್ರೆ ಬಂತು. ಬಾಕಿಯಿರುವ ಕೆಲಸ ನಿದ್ದೆಗೆಡಿಸುತ್ತದೆಂದು ನಾವು ಭಾವಿಸುತ್ತೇವೆ. ಕೆಡಿಸುವುದು ಕಾಗದಕ್ಕೆ ಇಳಿಯದ ಬಾಕಿ.

ಹಂಚಿಕೊಂಡಾಗ ಇನ್ನೂ ದೊಡ್ಡ ಫಲ ದೊರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೦೮ರಲ್ಲಿ ಶಸ್ತ್ರಚಿಕಿತ್ಸೆಗೆಂದು ೧೯ ಅಂಶಗಳ ಪಟ್ಟಿಯೊಂದನ್ನು ಹೊರಡಿಸಿತು. ಇವನೇ ಆ ರೋಗಿಯೆ, ಕೊಯ್ಯಬೇಕಾದ ಭಾಗ ಇದೇ ಏನು, ಬಳಸಿದ ಉಪಕರಣಗಳ ಎಣಿಕೆ ಸರಿಯೆ ಎಂಬಂಥ ಸರಳ ಪ್ರಶ್ನೆಗಳು. ದೆಹಲಿಯೂ ಸೇರಿದಂತೆ ೮ ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಅನುಸರಿಸಿದಾಗ ಮರಣದ ಪ್ರಮಾಣ ಶೇಕಡ ೧.೫ರಿಂದ ೦.೮ಕ್ಕೆ ಇಳಿಯಿತೆಂದು ೨೦೦೯ರ ವರದಿ ಹೇಳಿತು. ಅಲ್ಲಿದ್ದ ವೈದ್ಯರಿಗೆ ಈ ಪಾಠ ಹೊಸದೇನೂ ಅಲ್ಲ. ಆದರೆ ಆ ಪಟ್ಟಿಯನ್ನು ಮನಸ್ಸಿನಲ್ಲಿ ಓದಿಕೊಂಡರೆ ಸಾಲದು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಬೇಕು. ಒಬ್ಬನು ಮರೆತುದನ್ನು ಪಕ್ಕದಲ್ಲಿ ನಿಂತ ದಾದಿಯೂ ಹೇಳುವಂತಾಗುವುದೇ ಅದರ ತಿರುಳು.

ಈಗ ಕಾಗದದ ಚೀಟಿ ವಿರಳವಾಗುತ್ತಿದೆ. ನಗರಗಳಲ್ಲಿ ಮೊಬೈಲಿನ ಮೇಲೆ ಬೆರಳು ಒತ್ತಿದರೆ ನಿಮಿಷಗಳ ಲೆಕ್ಕದಲ್ಲಿ ಸಾಮಾನು ಬಾಗಿಲಿಗೆ ಬರುತ್ತದೆ. ಅನುಕೂಲವೇ ಸರಿ. ಆದರೆ ಚೀಟಿಯನ್ನು ಬರೆಯುವುದಕ್ಕೂ ಅಂಗಡಿಯನ್ನು ಮುಟ್ಟುವುದಕ್ಕೂ ನಡುವೆ ಒಂದು ವಿರಾಮವಿತ್ತು. ಆ ವಿರಾಮದಲ್ಲಿ ಗಂಡ ಹೆಂಡತಿ ಕುಳಿತು ‘ಬೇಕು’ಗಳನ್ನು ತೂಗಿ ನೋಡುತ್ತಿದ್ದರು, ಯಾರ ಬೇಕು ಪ್ರತಿ ತಿಂಗಳೂ ಹೊಡೆದುಹೋಗುತ್ತಿದೆ ಎಂಬುದು ಕಾಗದದ ಮೇಲೆ ಕಾಣುತ್ತಿತ್ತು. ಒಂದೊಂದೇ ವಸ್ತುವನ್ನು ನೆನಪಾದಾಗ ನೆನಪಾದಂತೆ ತರಿಸುವಾಗ ಹೊಡೆದುಹಾಕಿದ ಸಾಲುಗಳಿಗೆ ಗುರುತೇ ಇಲ್ಲ. ನೆನಪಿಡುವ ಕೆಲಸವಂತೂ ಹಿಂದೆ ಯಾರ ತಲೆಯಲ್ಲಿತ್ತೋ ಅಲ್ಲಿಯೆ ಉಳಿದಿದೆ.

ಕಾಗದವೆ ಆಗಬೇಕೆಂದು ನನ್ನ ಹಟವಿಲ್ಲ. ಸ್ಲೇಟಾದರೂ ಸರಿ, ಮೊಬೈಲಾದರೂ ಸರಿ, ಮನೆಯ ಪಟ್ಟಿ ಮನೆಯವರೆಲ್ಲರ ಕಣ್ಣಿಗೆ ಬೀಳುವಂತಿರಬೇಕು. ಬರೆಯುವುದು ಸುಲಭ, ಅದಕ್ಕೆ ಮುಂಚೆ ಡಬ್ಬಿಯ ಮುಚ್ಚಳವನ್ನು ತೆರೆದು ತಳವನ್ನು ನೋಡಬೇಕಲ್ಲ, ಅದೇ ನಿಜವಾದ ಕೆಲಸ. ಆ ಕೆಲಸಕ್ಕೆ ಎಂ.ಎ. ಪದವಿ ಬೇಡ, ಎತ್ತರದ ಸಾಲಿಗೆ ಕೈ ನಿಲುಕಿದರೆ ಸಾಕು. ಬರುವ ತಿಂಗಳ ಮೊದಲ ಭಾನುವಾರ ಲೇಖನಿ ಯಾರ ಕೈಯಲ್ಲಿಯೇ ಇರಲಿ, ಮುಚ್ಚಳ ತೆರೆಯುವ ಸರದಿ ಮನೆಯಲ್ಲಿ ಒಬ್ಬೊಬ್ಬರಿಗೂ ಬರಲಿ.